ಹರಿದ ಹ್ಯಾಂಡ್‌ಬಿಲ್ ಹಿಡಿದು ನಾಟಕದ ಅಜ್ಜನನ್ನು ಹುಡುಕುವುದು ಹೇಗೆ?

ಪ್ರಶ್ನೆ: ಸರ್, ನಮ್ಮಜ್ಜ ನಾಟಕ ಕಂಪನಿಯಲ್ಲಿ ಸ್ತ್ರೀ ಪಾರ್ಟು ಮಾಡುತ್ತಿದ್ದರಂತೆ. ತೀರಿಕೊಂಡಿದ್ದು 1978ರಲ್ಲಿ, ಆಗ 58 ವಯಸ್ಸು. ‘ರಜಾಕಾರರ ಗಲಾಟೆಯಲ್ಲಿ ಊರಿಗೆ ಬಂದವರು ಮತ್ತೆ ಕಂಪನಿಗೆ ಹೋಗಲಿಲ್ಲ’ ಅಂತ ಅವ್ವ ಹೇಳುತ್ತಾರೆ. ಟ್ರಂಕಿನಲ್ಲಿ ಒಂದು ಹ್ಯಾಂಡ್‌ಬಿಲ್ ಸಿಕ್ಕಿದೆ. ಮೇಲಿನ ಭಾಗ ಹರಿದಿದೆ, ಕಂಪನಿ ಹೆಸರು ಹೋಗಿದೆ. ‘ಗುಲಬರ್ಗಾ, ಶರಣಬಸವೇಶ್ವರ ಜಾತ್ರಾ ನಿಮಿತ್ತ, ಬುಧವಾರ ಮಾರ್ಚ್ 23, ನೆಲ 4 ಆಣೆ ಹಾಲಿ’ ಅಂತಿದೆ. ಇಸವಿ ಇಲ್ಲ. ಅಜ್ಜನ ಹೆಸರಿನ ಮುಂದೆ ‘ಸುರಪುರ’ ಅಂತಿದೆ, ನಾವು ಸುರಪುರದವರಲ್ಲ, ಪಕ್ಕದ ಹಳ್ಳಿಯವರು. ಇದು ಅವರೇನಾ?

ಉತ್ತರ: ಮೊದಲು ಇಸವಿ ಹಿಡಿಯೋಣ. 1930ರಿಂದ 1955ರ ನಡುವೆ ಮಾರ್ಚ್ 23 ಬುಧವಾರ ಬಂದಿದ್ದು ನಾಲ್ಕೇ ಸಲ: 1932, 1938, 1949, 1955. ಅಜ್ಜ ಹುಟ್ಟಿದ್ದು 1920ರ ಸುಮಾರಿಗೆ. 1932ರಲ್ಲಿ ಹನ್ನೆರಡರ ಹುಡುಗ, ಮೇಲಾಗಿ ಆ ವರ್ಷ ಹೋಳಿ ಹುಣ್ಣಿಮೆಯೇ ಮಾರ್ಚ್ 22ಕ್ಕೆ. ಶರಣಬಸವೇಶ್ವರರ ತೇರು ಹೋಳಿಯಾಗಿ ಐದನೇ ದಿನ, ಅಲ್ವಾ? ಅಂದರೆ 23ಕ್ಕೆ ತೇರಿಗೆ ಇನ್ನೂ ದಿನವಿತ್ತು. ರಜಾಕಾರರ ಗಲಾಟೆ 1947-48ರದು, ಅವ್ವನ ಮಾತು ನಿಜವಾದರೆ 1949, 1955 ಎರಡೂ ಬಿದ್ದುಹೋದವು. ಉಳಿದಿದ್ದು 1938. ಆ ವರ್ಷ ಹುಣ್ಣಿಮೆ 16ಕ್ಕೆ. 23ಕ್ಕೆ ತೇರು ಎಳೆದು ಎರಡು ದಿನ ಆಗಿರಬೇಕು, ಜಾತ್ರೆ ಇನ್ನೂ ತುಂಬಿರುವ ಹೊತ್ತು.

‘ಹಾಲಿ’ ಅಂದರೆ ನಿಜಾಮರ ರೂಪಾಯಿ, ಬ್ರಿಟಿಷರದು ಕಲ್ದಾರ್. ಗುಲಬರ್ಗಾ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಹಾಗಾಗಿ ಅದೂ ಹೊಂದುತ್ತದೆ.

‘ಸುರಪುರ’ದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಟರಿಗೆ ಊರೇ ಮನೆತನದ ಹೆಸರು: ಗುಬ್ಬಿ ವೀರಣ್ಣ, ಏಣಗಿ ಬಾಳಪ್ಪ. ಹಳ್ಳಿ ಯಾರಿಗೂ ಗೊತ್ತಿಲ್ಲ ಅಂದರೆ ಪಕ್ಕದ ದೊಡ್ಡ ಊರು ಹಚ್ಚಿಕೊಳ್ಳುತ್ತಿದ್ದರು. ಹಾಗಾಗಿ ಮನೆತನದ ಹೆಸರಿಟ್ಟು ಹುಡುಕಿದರೆ ಸುಮ್ನೆ ದಿನ ಹೋಗುತ್ತದೆ.

ಇನ್ನು ಕಾಗದಪತ್ರ. ಆಗಿನ ಸರ್ಕಾರಿ ದಾಖಲೆ ಉರ್ದುವಿನಲ್ಲಿ, ವರ್ಷ ಫಸಲಿಯಲ್ಲಿ, ಅಂದರೆ ನಿಜಾಮ ಸರ್ಕಾರ ಬಳಸುತ್ತಿದ್ದ ಬೇರೆ ವರ್ಷದ ಲೆಕ್ಕದಲ್ಲಿ. ಹೈದರಾಬಾದಿನ ಫಸಲಿ ಅಕ್ಟೋಬರಿಗೆ ಶುರು, ಅದಕ್ಕೆ 590 ಕೂಡಿಸಿದರೆ ಶುರುವಾದ ಇಸವಿ ಸಿಗುತ್ತದೆ. 1938ರ ಮಾರ್ಚ್ ಅಂದರೆ 1347 ಫಸಲಿ. ‘1938’ ಅಂತ ಕೇಳಿದರೆ ಗುಮಾಸ್ತ ಕೈ ಅಲ್ಲಾಡಿಸಿಬಿಡುತ್ತಾನೆ, ನನಗೇ ಒಂದು ಕಚೇರಿಯಲ್ಲಿ ಆಗಿದೆ. ನಿಜಾಮ ಸರ್ಕಾರದ ಹಳೇ ಕಡತಗಳು ಜಾಸ್ತಿ ಇರುವುದು ಹೈದರಾಬಾದಿನ ತಾರ್ನಾಕಾದ ಪತ್ರಾಗಾರದಲ್ಲಿ. ಉರ್ದು ಓದುವವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಹ್ಯಾಂಡ್‌ಬಿಲ್‌ನ ತೀರ ಕೆಳಗೆ, ಇರುವೆಯಂಥ ಅಕ್ಷರದಲ್ಲಿ ಏನಾದರೂ ಇದೆಯಾ ನೋಡಿ.

ಪ್ರಶ್ನೆ: ಇದೆ ಸರ್! ಗದಗಿನ ಒಂದು ಪ್ರೆಸ್ಸಿನ ಹೆಸರು. ಇನ್ನೊಂದು ಮಾತು, ಅಜ್ಜ ಸೀರೆ ಉಟ್ಟಿದ್ದರು ಅಂತ ದೊಡ್ಡಪ್ಪ ಬಾಯೇ ಬಿಡುವುದಿಲ್ಲ.

ಉತ್ತರ: ದೊಡ್ಡಪ್ಪನವರಿಗೆ ಹೇಳಿ, ಏಣಗಿ ಬಾಳಪ್ಪನವರೂ ಸ್ತ್ರೀ ಪಾತ್ರ ಮಾಡಿಯೇ ಬೆಳೆದವರು. ಸ್ತ್ರೀ ಪಾತ್ರಕ್ಕೆ ಹೆಸರಾದ ಮರಾಠಿ ನಟ ಬಾಲಗಂಧರ್ವರು ಸೀರೆ ಉಡುವ ರೀತಿಯನ್ನು ದೊಡ್ಡ ಮನೆತನದ ಹೆಂಗಸರೇ ನೋಡಿ ಕಲಿಯುತ್ತಿದ್ದರು.

ಗದಗಿನ ಪ್ರೆಸ್ ಅಂದರೆ ಕಂಪನಿಯೂ ಆ ಕಡೆಯದೇ ಇರಬಹುದು. 1938ರಲ್ಲಿ ಗದಗ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿತ್ತು. ಹ್ಯಾಂಡ್‌ಬಿಲ್‌ನಲ್ಲಿ ಫಸಲಿ ಬಿಟ್ಟು ಮಾರ್ಚ್ ಅಂತ ಹಾಕಿದ್ದಕ್ಕೂ ಅದೇ ಕಾರಣ ಇದ್ದೀತು. ಹೈದರಾಬಾದಿಗೆ ಆಮೇಲೆ ಹೋದರಾಯಿತು, ಮೊದಲು ಗದಗಿನ ಬಸ್ ಹತ್ತಿ. ಹಳೇ ನಟರ ಮನೆಗಳಲ್ಲಿ ಇದೇ ಜಾತ್ರೆಯ ಹರಿಯದ ಹ್ಯಾಂಡ್‌ಬಿಲ್ ಕೇಳಿ. ನಿಮ್ಮದನ್ನು ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಫೋಟೊ ತೆಗೆದುಕೊಂಡು ಹೋಗಿ.