ಪ್ಲೇಟ್‌ನಲ್ಲಿ ರೆಸಿಸ್ಟೆಂಟ್, ಜೀನೋಮ್‌ನಲ್ಲಿ ಜೀನೇ ಇಲ್ಲ, ಯಾವ್ದನ್ನ ನಂಬ್ಲಿ?

ಪಿಜಿ_ದಾವಣಗೆರೆ:
ನಮಸ್ಕಾರ ಎಲ್ರಿಗೂ, ದಾವಣಗೆರೆಯಲ್ಲಿ ಮೈಕ್ರೋಬಯಾಲಜಿ ಎಂಎಸ್ಸಿ ಮಾಡ್ತಿದೀನಿ. ಯೂರಿನ್ ಸ್ಯಾಂಪಲ್‌ದು ಒಂದು ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಬ್ಯಾಕ್ಟೀರಿಯಾ, ಮೆರೋಪೆನೆಮ್ ಆಂಟಿಬಯಾಟಿಕ್ ಡಿಸ್ಕ್‌ಗೆ 17 ಎಂಎಂ ಝೋನ್ (ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ) ಬಂತು, ಅಂದ್ರೆ ರೆಸಿಸ್ಟೆಂಟ್, ಔಷಧಿಗೆ ಬಗ್ಗಲ್ಲ. ಡಿಎನ್‌ಎ ತೆಗೆದು ಬೆಂಗಳೂರಿಗೆ ಕಳ್ಸಿ, ಇಲ್ಯುಮಿನಾ ಸೀಕ್ವೆನ್ಸಿಂಗ್ ಡೇಟಾ ಬಂದ್ಮೇಲೆ ತುಣುಕು ಜೋಡಿಸಿ (ಅಸೆಂಬ್ಲಿ) ರೆಸಿಸ್ಟೆನ್ಸ್ ಜೀನ್ ಹುಡುಕೋ ಅಬ್ರಿಕೇಟ್ ಟೂಲ್ ಓಡಿಸಿದೆ. ಸೆಫಲೋಸ್ಪೊರಿನ್ ಔಷಧಿ ಒಡೆಯೋ ಸಿಟಿಎಕ್ಸ್-ಎಂ-15 ಇದೆ, ಎಸ್‌ಎಚ್‌ವಿ, ಫಾಸ್‌ಎ, ಓಕ್ಯೂಎಕ್ಸ್‌ಎಬಿ ಎಲ್ಲಾ ಇದೆ, ಆದ್ರೆ ಮೆರೋಪೆನೆಮ್ ಒಡೆಯೋ ಕಾರ್ಬಪೆನೆಮೇಸ್ ಜೀನ್‌ಗಳಲ್ಲಿ ಎನ್‌ಡಿಎಂ ಇಲ್ಲ, ಓಎಕ್ಸ್‌ಎ-48 ಇಲ್ಲ, ಕೆಪಿಸಿನೂ ಇಲ್ಲ! ಗೈಡ್ ಮೇಡಂ ಪ್ಲೇಟ್ ತಪ್ಪಾ ಕಂಪ್ಯೂಟರ್ ತಪ್ಪಾ ಹೇಳು ಅಂತ ಕೂತಿದಾರೆ, ಮುಂದಿನ ವಾರ ಸೆಮಿನಾರ್ ಬೇರೆ.

ದುರ್ಗದ_ಹೈದ:
ಎರಡೂ ಸರಿ ಇರಬಹುದು ಕಣಮ್ಮ. ಅಬ್ರಿಕೇಟ್ ತನ್ನ ಪಟ್ಟೀಲಿರೋ ಜೀನ್ ಐತಾ ಇಲ್ವಾ ಅಂತ ನೋಡುತ್ತೆ ಅಷ್ಟೆ, ಇದ್ದ ಜೀನ್ ಕೆಟ್ಟೋಗಿದ್ರೆ ಅದಕ್ಕೆ ಗೊತ್ತಾಗಲ್ಲ, ಒಂದಕ್ಷರ ಬದಲಾಗಿರೋ ಪಾಯಿಂಟ್ ಮ್ಯುಟೇಶನ್ನೂ ಹೇಳಲ್ಲ. ಕ್ಲೆಬ್ಸಿಯೆಲ್ಲಾದ ಹೊರಪೊರೇಲಿ ಓಂಪ್‌ಕೆ35, ಓಂಪ್‌ಕೆ36 ಅಂತ ಪೋರಿನ್‌ಗಳು ಇರ್ತವೆ, ಔಷಧಿ ನುಗ್ಗೋ ಬಾಗಿಲು ಅದೇ. ಆ ಬಾಗಿಲು ಮುಚ್ಚೋಯ್ತು ಅಂದ್ರೆ ಒಳಗೆ ಹೋಗೋದೇ ಅಷ್ಟಿಷ್ಟು, ಅದನ್ನ ಸಿಟಿಎಕ್ಸ್-ಎಂ-15 ನೋಡ್ಕೊಳ್ಳುತ್ತೆ, ಕಾರ್ಬಪೆನೆಮೇಸ್ ಇಲ್ದೇನೂ ರೆಸಿಸ್ಟೆಂಟ್ ಬರುತ್ತೆ. ಕ್ಲೆಬೋರೇಟ್ ಅಂತ ಟೂಲ್ ಐತೆ, ಕ್ಲೆಬ್ಸಿಯೆಲ್ಲಾಗಂತಲೇ ಮಾಡಿರೋದು, ಪೋರಿನ್ ಕಥೆ ಅದು ಹೇಳುತ್ತೆ. ಆಮೇಲೆ ಎಸ್‌ಎಚ್‌ವಿ, ಫಾಸ್‌ಎ, ಓಕ್ಯೂಎಕ್ಸ್‌ಎಬಿ ಈ ಬ್ಯಾಕ್ಟೀರಿಯಾಕ್ಕೆ ಹುಟ್ಟಿನಿಂದ್ಲೇ ಕ್ರೋಮೋಸೋಮ್‌ನಲ್ಲಿ ಬರೋವು, ಆಸ್ಪತ್ರೇಲಿ ಅಂಟಿದ್ವು ಅಂತ ಸೆಮಿನಾರಲ್ಲಿ ಹೇಳಿ ಸಿಕ್ಕಾಕ್ಕೋಬೇಡ, ನಾನು ಸಿಕ್ಕಾಕ್ಕೊಂಡಿದ್ದೆ.

ಲ್ಯಾಬ್_ಅಕ್ಕ:
ಕಂಪ್ಯೂಟರ್ ಮುಂದೆ ಕೂರೋಕ್ಕಿಂತ ಮುಂಚೆ ಒಂದು ಕೇಳ್ತೀನಿ, ಡಿಸ್ಕ್ ಹಾಕಿದ ಕಾಲೋನಿಯಿಂದ್ಲೇ ಡಿಎನ್‌ಎ ತೆಗೆದ್ರಾ? ಆಂಟಿಬಯಾಟಿಕ್ ಇಲ್ದ ಮೀಡಿಯಾದಲ್ಲಿ ಸಬ್‌ಕಲ್ಚರ್ ಮೇಲೆ ಸಬ್‌ಕಲ್ಚರ್ ಮಾಡಿದ್ರೆ ಪ್ಲಾಸ್ಮಿಡ್ (ಕ್ರೋಮೋಸೋಮ್‌ನಿಂದ ಬೇರೆ ಇರೋ ಸಣ್ಣ ಡಿಎನ್‌ಎ ಉಂಗುರ) ಬಿದ್ದೋಗ್ಬಹುದು, ಎನ್‌ಡಿಎಂ ಕೂತಿರೋದು ಹೆಚ್ಚಾಗಿ ಅದ್ರಲ್ಲೇ. ಎಂಸಿಐಎಂ ಮಾಡ್ರಿ, ಕಾರ್ಬಪೆನೆಮೇಸ್ ಐತಾ ಅಂತ ನೋಡೋ ಟೆಸ್ಟು, ಖರ್ಚೇನಿಲ್ಲ. 2 ಎಂಎಲ್ ಟಿಎಸ್‌ಬಿ ಬ್ರಾತ್‌ಗೆ (ಬ್ಯಾಕ್ಟೀರಿಯಾ ಬೆಳೆಸೋ ದ್ರವ) ನಿಮ್ಮ ಕಲ್ಚರ್ 1 ಮೈಕ್ರೋಲೀಟರ್ ಲೂಪ್‌ನಷ್ಟು ಹಾಕಿ, ಮೆರೋಪೆನೆಮ್ 10 ಮೈಕ್ರೋಗ್ರಾಂ ಡಿಸ್ಕ್ ಬಿಟ್ಟು, 35 ಡಿಗ್ರೀಲಿ 4 ಗಂಟೆ ಇಟ್ಟು, ಆ ಡಿಸ್ಕ್‌ನ ಔಷಧಿಗೆ ಸಾಯೋ ಎಟಿಸಿಸಿ 25922 ಇ ಕೋಲೈ ಹಚ್ಚಿದ ಪ್ಲೇಟ್ ಮೇಲೆ ಇಡ್ರಿ. ಮಾರನೇ ದಿನ 15 ಎಂಎಂ ಅಥವಾ ಕಮ್ಮಿ ಝೋನ್ ಇದ್ರೆ ಕಾರ್ಬಪೆನೆಮೇಸ್ ಐತೆ, 19 ಅಥವಾ ಮೇಲಿದ್ರೆ ಇಲ್ಲ.

ಪಿಜಿ_ದಾವಣಗೆರೆ:
ಡಿಎನ್‌ಎ ತೆಗೆದಿದ್ದು ಮೂರ್ನೇ ಸಬ್‌ಕಲ್ಚರ್‌ನಿಂದ ಅಕ್ಕ, ಅದನ್ನ ಹೇಳೋಕೆ ನಾಚಿಕೆ ಆಗಿತ್ತು. ಅದೇ ಸ್ಲ್ಯಾಂಟ್ ಟ್ಯೂಬ್‌ನಿಂದ ಮತ್ತೆ ಡಿಸ್ಕ್ ಹಾಕಿದೆ, 17 ಇದ್ದಿದ್ದು 18 ಆಗಿದೆ, ಈಗ್ಲೂ ರೆಸಿಸ್ಟೆಂಟೇ. ಎಂಸಿಐಎಂ 21 ಬಂತು, ನೆಗೆಟಿವ್. ಕ್ಲೆಬೋರೇಟ್‌ನಲ್ಲಿ ಓಂಪ್‌ಕೆ35 ಅರ್ಧಕ್ಕೇ ಕತ್ತರಿಸಿದೆ, ಓಂಪ್‌ಕೆ36ರಲ್ಲಿ ಜಿಡಿ ಇನ್ಸರ್ಶನ್ (ಎರಡು ಅಮೈನೋ ಆಸಿಡ್ ಹೆಚ್ಚಿಗೆ ಸೇರಿರೋದು) ಅಂತ ತೋರಿಸ್ತಿದೆ!!

ದುರ್ಗದ_ಹೈದ:
ಸಿಕ್ತಲ್ಲ. ಆ ಜಿಡಿ ಬಾಗಿಲನ್ನೇ ಕಿರಿದು ಮಾಡುತ್ತೆ. ಮೆರೋಪೆನೆಮ್ ಜಾತೀದೇ ಎರ್ಟಾಪೆನೆಮ್ ಡಿಸ್ಕ್ ಒಂದು ಹಾಕು, ಪೋರಿನ್ ಹೋದಾಗ ಮೊದ್ಲು ಏಟು ತಿನ್ನೋದು ಅದೇ.

ಪಿಜಿ_ದಾವಣಗೆರೆ:
ನಮ್ಮ ಲ್ಯಾಬಲ್ಲಿ ಮುಗಿದಿದೆ ಅಣ್ಣ, ಪಕ್ಕದ ಡಿಪಾರ್ಟ್‌ಮೆಂಟಲ್ಲಿ ಕೇಳ್ತೀನಿ.