ನಿವೃತ್ತಿಯ ನಂತರ ಕರಾವಳಿಯಲ್ಲಿ ನೆಲೆಸಲು ಯಾವ ಊರು ಸೂಕ್ತ: ಕುಮಟಾ, ಕುಂದಾಪುರ ಅಥವಾ ಉಡುಪಿ?

ಪ್ರಶ್ನೆ (ದಾವಣಗೆರೆಯಿಂದ)

ನಾನೂ ನನ್ನ ಪತ್ನಿಯೂ ಶಿಕ್ಷಕ ವೃತ್ತಿಯಿಂದ ನಿವೃತ್ತರಾಗಿದ್ದು, ಮುಂದಿನ ದಿನಗಳನ್ನು ಕರಾವಳಿಯಲ್ಲಿ ಕಳೆಯಬೇಕೆಂದು ನಿಶ್ಚಯಿಸಿದ್ದೇವೆ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ನೆಲೆಸಿರುವುದರಿಂದ ರಾತ್ರಿ ರೈಲಿನಲ್ಲಿ ಹೋಗಿ ಬರುವ ಅನುಕೂಲ ಇರಬೇಕು. ಪತ್ನಿಗೆ ಹೃದಯದ ಚಿಕಿತ್ಸೆಯಾಗಿ ಸ್ಟೆಂಟ್ ಅಳವಡಿಸಿರುವುದರಿಂದ ಒಳ್ಳೆಯ ಆಸ್ಪತ್ರೆ ತೀರಾ ದೂರ ಇರಬಾರದು. ನಾಲ್ಕು ತೆಂಗಿನ ಮರ, ಒಂದಿಷ್ಟು ತರಕಾರಿ ಬೆಳೆಯುವಷ್ಟು ಜಾಗವಿದ್ದರೆ ಸಾಕು. ಕುಮಟಾದ ಸುತ್ತಮುತ್ತ, ಮರವಂತೆಯಿಂದ ಕುಂದಾಪುರದವರೆಗಿನ ಪ್ರದೇಶ ಮತ್ತು ಉಡುಪಿಯ ಆಚೀಚೆ, ಹೀಗೆ ಮೂರು ಕಡೆ ನೋಡುತ್ತಿದ್ದೇವೆ. ಮರವಂತೆಯ ಬಳಿ ಸಮುದ್ರ ಕಾಣುವ ಒಂದು ನಿವೇಶನ ಮನಸ್ಸಿಗೆ ತುಂಬಾ ಹಿಡಿಸಿದೆ, ಬೇಗ ಮುಂಗಡ ಕೊಡಿ ಎಂದು ದಲ್ಲಾಳಿಗಳು ಅವಸರಪಡಿಸುತ್ತಿದ್ದಾರೆ. ಅಲ್ಲಿಯೇ ಬದುಕುತ್ತಿರುವವರು ಯಾವುದನ್ನು ಮೊದಲು ನೋಡಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ಕುಂದಾಪುರ ತಾಲ್ಲೂಕಿನಿಂದ)

ಮಾನ್ಯರೇ, ಮುಂಗಡ ಕೊಡುವುದನ್ನು ದಯವಿಟ್ಟು ತಡೆಹಿಡಿಯಿರಿ. ಊರು ಯಾವುದೆಂಬ ಪ್ರಶ್ನೆಗಿಂತ ಮೊದಲು ನೆಲ ಎಂಥದ್ದು, ಅದರ ಎತ್ತರವೆಷ್ಟು, ಬಾವಿಯಲ್ಲಿ ಮೇ ತಿಂಗಳಲ್ಲಿ ನೀರು ಹೇಗಿರುತ್ತದೆ ಎಂಬುದನ್ನು ನೋಡಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇದೆ. ಅದನ್ನು ನೋಡಿ ಮನಸೋಲದವರಿಲ್ಲ. ಆದರೆ ಎರಡು ನೀರುಗಳ ನಡುವಿನ ಇಂಥ ಕಿರಿದಾದ ಪಟ್ಟಿಯಲ್ಲಿ ಕಡಲ್ಕೊರೆತದ ಭಯ ಮಳೆಗಾಲಕ್ಕೊಮ್ಮೆ ಮರುಕಳಿಸುತ್ತದೆ, ದಂಡೆಗೆ ಹಾಕಿದ ಬಂಡೆಗಳೇ ಕುಸಿದು ನೀರಿಗಿಳಿಯುವುದೂ ಉಂಟು. ದಕ್ಷಿಣದಲ್ಲಿ ಉಳ್ಳಾಲ, ಸೋಮೇಶ್ವರದ ಕಡೆಯವರು ಇದನ್ನು ಎಷ್ಟೋ ವರ್ಷಗಳಿಂದ ಅನುಭವಿಸುತ್ತಿದ್ದಾರೆ. ಬಂದರಿಗಾಗಿ ಅಲೆತಡೆ ಗೋಡೆ ಕಟ್ಟಿದ ಅಳಿವೆಗಳ ಪಕ್ಕದಲ್ಲಿ ಮರಳಿನ ಸಹಜ ಸಾಗಾಟಕ್ಕೆ ಅಡ್ಡಿಯಾಗಿ, ಒಂದು ಬದಿಯಲ್ಲಿ ಮರಳು ತುಂಬಿಕೊಂಡರೆ ಮತ್ತೊಂದು ಬದಿಯ ದಂಡೆ ಸವೆಯುತ್ತ ಹೋಗುತ್ತದೆ. ಆದ್ದರಿಂದ ಹತ್ತು ವರ್ಷಗಳ ಹಿಂದೆ ಭದ್ರವಾಗಿದ್ದ ಜಾಗ ಇಂದೂ ಹಾಗೆಯೇ ಇದೆ ಎಂದು ಯಾರೂ ಭರವಸೆ ಕೊಡಲಾರರು.

ಕಾನೂನಿನ ತೊಡಕು ಬೇರೆಯೇ ಇದೆ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯ ಪ್ರಕಾರ, ಜನದಟ್ಟಣೆ ಕಡಿಮೆಯಿರುವ ಗ್ರಾಮೀಣ ಪ್ರದೇಶಗಳಲ್ಲಿ ಉಬ್ಬರದ ರೇಖೆಯಿಂದ 200 ಮೀಟರ್‌ವರೆಗೆ ಹೊಸ ಕಟ್ಟಡಗಳಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಚದರ ಕಿಲೋಮೀಟರ್‌ಗೆ 2,161ಕ್ಕಿಂತ ಹೆಚ್ಚು ಜನಸಾಂದ್ರತೆ ಇರುವ ಕಡೆ ಮಾತ್ರ, ವಲಯ ನಿರ್ವಹಣಾ ಯೋಜನೆಗೆ ಒಳಪಟ್ಟು, ಈ ಅಂತರ 50 ಮೀಟರ್‌ಗೆ ಇಳಿಯುತ್ತದೆ. ಅದರಾಚೆ 500 ಮೀಟರ್‌ವರೆಗಿನ ಪಟ್ಟಿಯಲ್ಲಿ ಮೀನುಗಾರರೂ ಸೇರಿದಂತೆ ಸ್ಥಳೀಯ ಸಮುದಾಯಗಳ ವಾಸದ ಮನೆಗಳಿಗೆ ಇರುವ ರಿಯಾಯಿತಿ ಘಟ್ಟದ ಮೇಲಿನಿಂದ ಬಂದು ಜಾಗ ಕೊಂಡವರಿಗೂ ತಾನಾಗಿಯೇ ದೊರೆಯುತ್ತದೆ ಎಂದು ಭಾವಿಸಬೇಡಿ. ಉಬ್ಬರವಿಳಿತ ತಲುಪುವ ನದಿ ಮತ್ತು ಹಿನ್ನೀರಿನ ದಂಡೆಗಳಿಗೂ ಪ್ರತ್ಯೇಕ ಅಂತರದ ನಿಯಮವಿರುವುದರಿಂದ, ಮರವಂತೆಯ ನಿಮ್ಮ ನಿವೇಶನ ಎರಡೂ ಕಡೆಯಿಂದ ನಿರ್ಬಂಧಕ್ಕೆ ಒಳಪಡುವ ಸಾಧ್ಯತೆ ಇದೆ. ಮಾರುವವರ ಮಾತು ನಂಬದೆ, ಸರ್ವೆ ನಂಬರ್ ಹಿಡಿದು ವಲಯದ ನಕ್ಷೆಯನ್ನೇ ನೋಡಿಸಿ.

ನಮ್ಮ ಹಿರಿಯರು ಭೂಮಿಯನ್ನು ಬೈಲು, ಮಜಲು, ಬೆಟ್ಟು ಎಂದು ಎತ್ತರಕ್ಕೆ ತಕ್ಕಂತೆ ವಿಂಗಡಿಸಿ, ಮಳೆಗಾಲದಲ್ಲಿ ನೀರು ನಿಲ್ಲುವ ಬೈಲನ್ನು ಗದ್ದೆಗೆ ಬಿಟ್ಟು, ಮನೆಯನ್ನು ಅಂಚಿನ ಎತ್ತರದ ನೆಲದಲ್ಲಿ ಕಟ್ಟುತ್ತಿದ್ದರು. ಇಂದು ಬೈಲಿಗೆ ಮಣ್ಣು ತುಂಬಿಸಿ ನಿವೇಶನ ಮಾಡಿ ಮಾರುವುದು ಹೆಚ್ಚಾಗಿದೆ. ಜನವರಿಯಲ್ಲಿ ನೋಡಿದರೆ ಅದು ಒಳ್ಳೆಯ ಸಮತಟ್ಟು ಜಾಗವೇ. ಜುಲೈಯಲ್ಲಿ ಅಂಗಳದಲ್ಲಿ ನೀರು ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬೀಳುವ 3,000 ಮಿಲಿಮೀಟರ್‌ಗೂ ಮೀರಿದ ಮಳೆಗೆ ಹರಿದುಹೋಗಲು ದಾರಿ ಬೇಕು, ಆ ದಾರಿಯಲ್ಲಿ ಮನೆ ಇರಬಾರದು. ಹಾಗೆಂದು ಗುಡ್ಡವನ್ನು ಕಡಿದಾಗಿ ಕಡಿದು ಮಾಡಿದ ಜಾಗವನ್ನೂ ತೆಗೆದುಕೊಳ್ಳಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಹಾನಿಯಾದದ್ದನ್ನು ಇಡೀ ರಾಜ್ಯ ಕಂಡಿದೆ.

ಇಷ್ಟು ಮಳೆ ಬೀಳುವ ನಾಡಿನಲ್ಲಿ ನೀರಿನ ಕೊರತೆ ಎಂದರೆ ಘಟ್ಟದ ಮೇಲಿನವರು ನಂಬುವುದೇ ಇಲ್ಲ. ಮುರಕಲ್ಲಿನ ನೆಲ ನೀರನ್ನು ಬೇಗ ಕುಡಿದು ಅಷ್ಟೇ ಬೇಗ ಬಿಟ್ಟುಬಿಡುವುದರಿಂದ ಎತ್ತರದ ಬಾವಿಗಳು ಏಪ್ರಿಲ್ ಹೊತ್ತಿಗೆ ತಳ ಕಾಣುತ್ತವೆ. ಅಳಿವೆಗೆ ಹತ್ತಿರದ ಬಾವಿಗಳಲ್ಲಿ ನೀರಿರುತ್ತದೆ, ಆದರೆ ಅದಕ್ಕೆ ಉಪ್ಪು ಸೇರಿರುತ್ತದೆ. ಹೊಳೆಗೆ ಅಡ್ಡಲಾಗಿ ಕಟ್ಟಿದ ಕಿಂಡಿ ಅಣೆಕಟ್ಟಿಗೆ ಪ್ರತಿ ವರ್ಷ ಸಕಾಲದಲ್ಲಿ ಹಲಗೆ ಹಾಕಿ ನೀರು ತಡೆಯುವ ಊರಿನಲ್ಲಿ ಈ ತೊಂದರೆ ಎಷ್ಟೋ ಕಡಿಮೆ. ನೆರೆಯ ಮೂರು ಮನೆಗಳ ಬಾವಿಯನ್ನು ಕೇಳಿ ನೋಡಿ, ನೀರು ಕುಡಿದೂ ನೋಡಿ.

ನನ್ನನ್ನು ಕೇಳಿದರೆ, ಹೆದ್ದಾರಿಯಿಂದ ಪೂರ್ವಕ್ಕೆ ಎರಡು ಮೂರು ಕಿಲೋಮೀಟರ್ ಒಳಗೆ, ಕೋಟದಿಂದ ಬ್ರಹ್ಮಾವರದವರೆಗಿನ ಎತ್ತರದ ನೆಲದಲ್ಲಿ ಮನೆ ನೋಡಿ. ಸಮುದ್ರಕ್ಕೆ ಸಂಜೆ ಹೋಗಿ ಬರಬಹುದು.

ಉತ್ತರ (ಮಣಿಪಾಲದಿಂದ, ನಿವೃತ್ತ ಶುಶ್ರೂಷಕಿ)

ಹೃದಯದ ರೋಗಿ ಮನೆಯಲ್ಲಿರುವಾಗ ಆಸ್ಪತ್ರೆಯ ದೂರವನ್ನು ಕಿಲೋಮೀಟರ್‌ನಲ್ಲಿ ಅಳೆಯಬೇಡಿ, ಜುಲೈ ತಿಂಗಳ ರಾತ್ರಿ ಎರಡು ಗಂಟೆಗೆ, ಸುರಿಯುವ ಮಳೆಯಲ್ಲಿ, ಎಷ್ಟು ಹೊತ್ತಾಗುತ್ತದೆ ಎಂದು ಲೆಕ್ಕ ಹಾಕಿ. ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆಯಿದೆ. ಮಂಗಳೂರಿನಲ್ಲಿ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯೂ ಹಲವು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಇವೆ. ಕುಂದಾಪುರದಿಂದ ಮಣಿಪಾಲಕ್ಕೆ ಸುಮಾರು 40 ಕಿಲೋಮೀಟರ್, ಕುಮಟಾದಿಂದ ಸುಮಾರು 150. ಉತ್ತರ ಕನ್ನಡ ಜಿಲ್ಲೆಯ ಜನ ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಳಿಂದ ಹೋರಾಡುತ್ತಿರುವುದು ಇದೇ ಕಾರಣಕ್ಕೆ, ಅವರ ಬೇಡಿಕೆ ಪೂರ್ತಿ ನ್ಯಾಯವಾದದ್ದು. ನಿಮ್ಮ ಪತ್ನಿಯವರ ಆರೋಗ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುವುದಾದರೆ, ನಾನು ಕುಂದಾಪುರಕ್ಕಿಂತ ಉತ್ತರಕ್ಕೆ ಹೋಗಿ ಎಂದು ಹೇಳಲಾರೆ.

ಉತ್ತರ (ಕುಮಟಾದಿಂದ)

ಮೇಲಿನ ಅಕ್ಕನವರ ಮಾತನ್ನು ಅಲ್ಲಗಳೆಯುವಂತಿಲ್ಲ. ಆದರೂ ನಮ್ಮ ಕಡೆಯ ಬಗ್ಗೆ ಒಂದು ಮಾತು ಸೇರಿಸಲೇಬೇಕು, ಏಕೆಂದರೆ ಆಸ್ಪತ್ರೆಯೊಂದೇ ಅಳತೆಗೋಲಾದರೆ ಎಲ್ಲರೂ ನಗರಕ್ಕೇ ಹೋಗಿ ಸೇರಬೇಕಾಗುತ್ತದೆ. ನಮ್ಮ ಅಘನಾಶಿನಿ ನದಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಅದರ ಅಳಿವೆ 2024ರಲ್ಲಿ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ, ಪಟ್ಟಿಗೆ ಸೇರಿದೆ. ಹಿನ್ನೀರಿನ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಇಂದಿಗೂ ಕೆಲವರು ಬೆಳೆಯುತ್ತಾರೆ, ಚಿಪ್ಪುಮೀನು ಆರಿಸಿ ಬದುಕುವ ಕುಟುಂಬಗಳಿವೆ. ಕಾಡು, ಗುಡ್ಡ, ಹೊಳೆ, ಕಡಲು ಇಷ್ಟು ಒತ್ತಾಗಿ ಸೇರಿರುವ ನೆಲ ದಕ್ಷಿಣದ ಎರಡು ಜಿಲ್ಲೆಗಳ ಪಟ್ಟಣಗಳ ಬಳಿ ಈಗ ಕಾಣಸಿಗುವುದು ಕಷ್ಟ. ಆರೋಗ್ಯವಾಗಿರುವ, ವಾಹನ ನಡೆಸಬಲ್ಲ ದಂಪತಿಗಳಾಗಿದ್ದರೆ ನಾನು ಕುಮಟಾ, ಹೊನ್ನಾವರಗಳನ್ನೇ ಮೊದಲು ಹೇಳುತ್ತಿದ್ದೆ. ನಿಮ್ಮ ವಿಷಯದಲ್ಲಿ ಹಾಗೆ ಹೇಳಲು ಮನಸ್ಸು ಒಪ್ಪುವುದಿಲ್ಲ.

ರೈಲಿನ ಬಗ್ಗೆ ಕೇಳಿದ್ದೀರಿ. ಬೆಂಗಳೂರು–ಕಾರವಾರ ನಡುವಿನ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿಯ ಗಾಡಿಯಾಗಿದ್ದು, ಉಡುಪಿ, ಕುಂದಾಪುರ, ಕುಮಟಾ ಮೂರೂ ಕಡೆಯವರಿಗೆ ಅನುಕೂಲವಾಗಿದೆ. ಕೊಂಕಣ ರೈಲ್ವೆಯ ನಿಲ್ದಾಣಗಳು ಹಲವು ಕಡೆ ಪೇಟೆಯಿಂದ ದೂರದಲ್ಲಿವೆ ಎಂಬುದನ್ನೂ, ಸಕಲೇಶಪುರದ ಘಾಟಿಯಲ್ಲಿ ಮಣ್ಣು ಕುಸಿದಾಗ ಈ ಗಾಡಿಯೂ ಶಿರಾಡಿಯ ರಸ್ತೆಯೂ ಒಟ್ಟಿಗೆ ನಿಲ್ಲಬಹುದೆಂಬುದನ್ನೂ ನೆನಪಿಡಿ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮರವಂತೆಯ ನಿವೇಶನದ ಯೋಚನೆಯನ್ನು ಕೈಬಿಟ್ಟಿದ್ದೇವೆ. ಪತ್ನಿಗೆ ಬೇಸರವಾದರೂ ಕಾರಣ ಒಪ್ಪಿಗೆಯಾಗಿದೆ. ಬ್ರಹ್ಮಾವರದ ಸುತ್ತ ನೋಡುವುದಾದರೆ ಕಾಗದಪತ್ರಗಳಲ್ಲಿ ಏನನ್ನು ವಿಶೇಷವಾಗಿ ಗಮನಿಸಬೇಕು? ತುಳು ಬಾರದ ನಮಗೆ ಅಲ್ಲಿ ಬೆರೆಯುವುದು ಕಷ್ಟವಾದೀತೇ?

ಉತ್ತರ (ಉಡುಪಿಯಿಂದ, ಭೂದಾಖಲೆಗಳ ಕೆಲಸ ಬಲ್ಲವರು)

ಭಾಷೆಯ ಚಿಂತೆ ಬೇಡ. ಬ್ರಹ್ಮಾವರದಿಂದ ಉತ್ತರಕ್ಕೆ ಹೋದಂತೆ ಕುಂದಗನ್ನಡವೇ ಮನೆಮಾತು, ದಕ್ಷಿಣಕ್ಕೆ ಬಂದಂತೆ ತುಳು, ಕೊಂಕಣಿ ಹೆಚ್ಚು. ಎಲ್ಲರಿಗೂ ಕನ್ನಡ ಬರುತ್ತದೆ. ಊರಿನ ಕೋಲ, ತೇರು, ಯಕ್ಷಗಾನಕ್ಕೆ ಹೋಗಿ ಕುಳಿತುಕೊಂಡರೆ ಬೇಗ ಪರಿಚಯವಾಗುತ್ತದೆ.

ಕಾಗದಪತ್ರದ ವಿಷಯ ಮಾತ್ರ ಘಟ್ಟದ ಮೇಲಿನದಕ್ಕಿಂತ ಬೇರೆ. ‘ಮೂವತ್ತು ಸೆಂಟ್ಸ್ ಜಾಗ’ ಎಂದು ತೋರಿಸಿದಾಗ ಅದರಲ್ಲಿ ವರ್ಗ ಜಾಗ, ಅಂದರೆ ಪಟ್ಟಾ ಇರುವ ಸ್ವಂತ ಜಾಗ ಎಷ್ಟು, ಕುಮ್ಕಿ ಎಷ್ಟು ಎಂದು ಮೊದಲು ಕೇಳಿ. ಕುಮ್ಕಿ ಎಂಬುದು ಕೃಷಿ ಭೂಮಿಗೆ ತಾಗಿಕೊಂಡಿರುವ ಸರ್ಕಾರಿ ಭೂಮಿ. ಅದರಿಂದ ಸೊಪ್ಪು ಸೌದೆ ತರುವ ಸೌಲಭ್ಯ ವರ್ಗದಾರರಿಗೆ ಇದೆಯೇ ಹೊರತು ಅದನ್ನು ಸ್ವಂತದ್ದೆಂದು ಮಾರುವ ಹಕ್ಕಿಲ್ಲ. ತಲೆಮಾರುಗಳಿಂದ ಬೇಲಿ ಹಾಕಿ ತೆಂಗು ಬೆಳೆಸಿರುವುದರಿಂದ ಕಣ್ಣಿಗೆ ಎರಡೂ ಒಂದೇ ತೋಟವಾಗಿ ಕಾಣುತ್ತವೆ, ಸರ್ವೆಯವರಿಂದ ಅಳತೆ ಮಾಡಿಸದೆ ಗಡಿ ತಿಳಿಯುವುದಿಲ್ಲ. ಪೇಟೆಯ ಹಳೆಯ ಜಾಗಗಳಲ್ಲಿ ಮೂಲಗೇಣಿಯ (ಶಾಶ್ವತ ಗೇಣಿಯ) ಹಕ್ಕು ಉಳಿದಿದೆಯೇ ಎಂಬುದನ್ನೂ ವಕೀಲರಿಂದ ಪರಿಶೀಲಿಸಿ. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಬಳಿಕ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದಾದರೂ, ಮನೆ ಕಟ್ಟಲು ಭೂಪರಿವರ್ತನೆ ಆಗಲೇಬೇಕು. ಪರಿವರ್ತನೆಯ ಆದೇಶ, ವಿನ್ಯಾಸದ ಅನುಮೋದನೆ, ಇಲ್ಲಿಯವರು ‘ನೈನ್ ಇಲೆವೆನ್’ ಎನ್ನುವ ಪಂಚಾಯಿತಿ ನಮೂನೆಗಳು, ಋಣಭಾರ ಪತ್ರ ಇವೆಲ್ಲ ಕೈಗೆ ಬರುವ ಮೊದಲು ಹಣ ಕೊಡಬೇಡಿ. ಮನೆಗೆ ಹೋಗುವ ದಾರಿ ಬೇರೆಯವರ ಪಟ್ಟಾ ಜಾಗದಲ್ಲಿದ್ದರೆ ಅದು ಕ್ರಯಪತ್ರದಲ್ಲಿ ಬರೆದಿರಬೇಕು, ಬಾಯಿಮಾತಿನ ದಾರಿ ಒಡೆತನ ಬದಲಾದ ದಿನವೇ ಮುಚ್ಚಿಹೋಗಬಹುದು. ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ಜಾಗದ ಬೆಲೆಗಾಗಿ ಅಲ್ಲ, ದಾರಿಗಾಗಿ ಹುಟ್ಟಿದವು.

ಉತ್ತರ (ಕುಂದಾಪುರ ತಾಲ್ಲೂಕಿನಿಂದ, ಮತ್ತೆ)

ಒಂದು ಸಲಹೆ ಉಳಿದಿತ್ತು. ಕೊಳ್ಳುವ ಮೊದಲು ಬ್ರಹ್ಮಾವರದಲ್ಲೋ ಸಾಲಿಗ್ರಾಮದಲ್ಲೋ ಒಂದು ಬಾಡಿಗೆ ಮನೆ ಹಿಡಿದು, ಜೂನ್‌ನಿಂದ ಮುಂದಿನ ಮೇ ಕೊನೆಯವರೆಗೆ ಇದ್ದು ನೋಡಿ. ಮಳೆಗಾಲದ ತೇವಕ್ಕೆ ಬಟ್ಟೆಬರೆ, ಪುಸ್ತಕಗಳು ಬೂಷ್ಟು ಹಿಡಿಯುವುದು, ದಿನಗಟ್ಟಲೆ ವಿದ್ಯುತ್ ಹೋಗುವುದು, ಬೇಸಿಗೆಯ ಸೆಕೆಯಲ್ಲಿ ನಿದ್ದೆ ಬಾರದಿರುವುದು ಇವನ್ನು ನಿಮ್ಮ ಪತ್ನಿಯವರ ದೇಹ ಹೇಗೆ ತಾಳಿಕೊಳ್ಳುತ್ತದೆ ಎಂಬುದು ಒಂದು ವರ್ಷದ ವಾಸದಲ್ಲಿ ತಿಳಿಯುತ್ತದೆ. ದಾವಣಗೆರೆಯ ಒಣ ಹವೆಗೆ ಒಗ್ಗಿದವರಿಗೆ ಇದು ಸಣ್ಣ ಬದಲಾವಣೆಯಲ್ಲ. ಅಲ್ಲಿಯವರೆಗೆ ದಾವಣಗೆರೆಯ ಮನೆಯನ್ನು ಮಾರಬೇಡಿ. ಜಾಗಗಳನ್ನು ಎರಡು ಬಾರಿ ನೋಡಿ: ಒಮ್ಮೆ ಜುಲೈಯಲ್ಲಿ, ಎರಡು ದಿನ ಬಿಡದೆ ಮಳೆ ಸುರಿದ ಮರುದಿನ, ಇನ್ನೊಮ್ಮೆ ಮೇ ಮೂರನೆಯ ವಾರದಲ್ಲಿ, ಮೊದಲ ದೊಡ್ಡ ಮಳೆ ಬೀಳುವ ಮುಂಚೆ. ಬಾವಿಯ ನೀರನ್ನು ಆಗಲೇ ಪರೀಕ್ಷೆಗೆ ಕೊಡಿ, ಉಪ್ಪಿನ ಅಂಶದ ಜೊತೆ ಕಬ್ಬಿಣದ ಅಂಶವನ್ನೂ ನೋಡಲು ಹೇಳಿ.