ಸಹಾಯ ಬೇಕು: ಕೋಶಗಳ ಸ್ಲೈಡ್‌ಗೆ ಫಾಯಲ್ಗನ್ (Feulgen) ಬಣ್ಣ ಹಾಕಲು ಬಲ್ಲವರು ಯಾರಾದರೂ ಇದ್ದೀರಾ?

ನಮಸ್ಕಾರ. ಮಂಗಳೂರಿನಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಶವಚ್ಛೇದನ ಕೊಠಡಿಯಲ್ಲಿ ವರ್ಷಗಟ್ಟಲೆ ಫಾರ್ಮಾಲಿನ್ (ಶವ ಕೆಡದಂತೆ ಇಡುವ ಫಾರ್ಮಾಲ್ಡಿಹೈಡ್ ದ್ರಾವಣ) ಆವಿ ಉಸಿರಾಡಿದ ಅಟೆಂಡರ್‌ಗಳ ಕೋಶಗಳಲ್ಲಿ ಏನಾಗಿದೆ ಅಂತ ನೋಡಬೇಕು. ನನ್ನ ಅಪ್ಪನೂ ಅದೇ ಕೆಲಸದವರು, ಸಂಜೆ ಮನೆಗೆ ಬಂದರೆ ಕಣ್ಣೆಲ್ಲ ಕೆಂಪು.

ರಕ್ತದಲ್ಲಿ ಫಾರ್ಮಾಲ್ಡಿಹೈಡ್ ಅಳೆದು ಪ್ರಯೋಜನವಿಲ್ಲ, ಅದು ನಮ್ಮ ದೇಹದಲ್ಲೇ ತಯಾರಾಗುತ್ತದೆ. ಹಾಗಾಗಿ ಕೆನ್ನೆಯೊಳಗಿನ ಕೋಶ ಕೆರೆದು, ತಲಾ 2000 ಕೋಶಗಳಲ್ಲಿ ಮೈಕ್ರೋನ್ಯೂಕ್ಲಿಯಸ್ (ಡಿಎನ್‌ಎಗೆ ಹಾನಿಯಾದಾಗ ಕೋಶಕೇಂದ್ರದ ಹೊರಗೆ ಉಳಿಯುವ ಪುಟ್ಟ ಡಿಎನ್‌ಎ ತುಣುಕು) ಎಣಿಸುತ್ತಿದ್ದೇನೆ. ಎಲೆಯಡಿಕೆಯಿಂದಲೂ ಇವು ಹೆಚ್ಚಬಹುದು, ಹಾಗಾಗಿ ತಿನ್ನುವವರನ್ನು ಬೇರೆ ಇಟ್ಟಿದ್ದೇನೆ, ನಮ್ಮೂರಲ್ಲಿ ಅದು ಮುಖ್ಯ. ಆದರೆ ಗೀಮ್ಸಾ ಎಂಬ ಬಣ್ಣದಲ್ಲಿ ಕೆರಟಿನ್ (ಒಂದು ಗಟ್ಟಿ ಪ್ರೋಟೀನ್) ಕಣಗಳೂ ಮೈಕ್ರೋನ್ಯೂಕ್ಲಿಯಸ್‌ನಂತೆಯೇ ಕಂಡು ಲೆಕ್ಕ ತಪ್ಪಿತು. ಡಿಎನ್‌ಎಗೆ ಮಾತ್ರ ಹಿಡಿಯುವ ಫಾಯಲ್ಗನ್ ನನಗೆ ಸರಿ ಬರುತ್ತಿಲ್ಲ.

ಕೊಣಾಜೆ, ಮಣಿಪಾಲ ಕಡೆ ಅನುಭವ ಇದ್ದವರು ಅರ್ಧ ದಿನ ಕೂತು ತೋರಿಸಿಕೊಡ್ತೀರಾ? ಎಥಿಕ್ಸ್ ಕಮಿಟಿ ಒಪ್ಪಿಗೆ ಉಂಟು. ಸ್ಲೈಡ್, ಕೆಮಿಕಲ್ ಎಲ್ಲ ನಾನೇ ತರುತ್ತೇನೆ.